ಕಲ್ಯಾಣದ ಕಿಚ್ಚು, ಸಂವಿಧಾನದ ಪರೀಕ್ಷೆ



ಅಂತರ್ಯುದ್ಧ ಎಂದಕೂಡಲೇ ಎಲ್ಲರೂ ಅಮೆರಿಕದ ಮಾತು ತೆಗೆಯುತ್ತಾರೆ. ನನಗೆ ಮೊದಲು ನೆನಪಾಗುವುದು ಕಲ್ಯಾಣ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತು. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎನ್ನುತ್ತದೆ ನಮ್ಮ ಪರಂಪರೆ. ಬಿಜ್ಜಳನ ಕೊಲೆಯಾಯಿತು, ಶರಣರು ಉಳವಿಯ ದಾರಿ ಹಿಡಿದರು. ಆ ದಂಪತಿಯನ್ನು ಕಾಯುವ ಕಾನೂನು ಅಂದು ಇರಲಿಲ್ಲ. ಅರಸನ ಮಾತೇ ಕಾನೂನು.

ಅಮೆರಿಕಕ್ಕೆ ಬರೆದ ಸಂವಿಧಾನವೇ ಇತ್ತು. ಆದರೆ ಗುಲಾಮಗಿರಿಯನ್ನು ಅದು ಒಳಗೇ ಉಳಿಸಿಕೊಂಡಿತ್ತು. ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಬೇಡಿ ಹೋದಾಗ, ಕಪ್ಪು ಜನ ಈ ದೇಶದ ನಾಗರಿಕರೇ ಅಲ್ಲ ಎಂದು 1857ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ನಾಲ್ಕೇ ವರ್ಷಕ್ಕೆ ಯುದ್ಧ. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತ ಮೇಲೆ, 1865ರಲ್ಲಿ, ಹದಿಮೂರನೇ ತಿದ್ದುಪಡಿ ಗುಲಾಮಗಿರಿಯನ್ನು ಕಿತ್ತುಹಾಕಿತು.

ಬಾಬಾಸಾಹೇಬರು ಅಂಥ ಗಾಯವನ್ನು ಒಳಗಿಟ್ಟು ಹೊಲಿಯಲಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನು ಮೊದಲ ದಿನವೇ ರದ್ದು ಮಾಡಿತು. ಹರಳಯ್ಯನವರ ಬೀಗತನಕ್ಕೆ ಇಂದು 1954ರ ವಿಶೇಷ ವಿವಾಹ ಕಾಯ್ದೆಯ ಆಸರೆ ಇದೆ. ಆದರೆ ಪರೀಕ್ಷೆ ನಡೆಯುವುದು ನಮ್ಮ ಓಣಿಯಲ್ಲಿ. ಕೇರಿ ದಾಟಿ ಮದುವೆಯಾಗುವ ಜೋಡಿಗೆ ಆ ಕಾಯ್ದೆ ಮೂವರು ಸಾಕ್ಷಿಗಳನ್ನು ಕೇಳುತ್ತದೆ. ಈ ಸಭೆಯಿಂದ ನೋಂದಣಿ ಕಚೇರಿಗೆ ಬಂದು ಸಹಿ ಹಾಕುವವರು ಯಾರು? ನಾನೊಬ್ಬನಿದ್ದೇನೆ. ಇನ್ನಿಬ್ಬರು ಬೇಕು.