ಹಳೆಯ ಕಾರಿನ ಬಣ್ಣ

ಪುಣೆಯ ನಾನಾಪೇಠೆಯಲ್ಲಿ, ಮೋಟಾರಿನ ಬಿಡಿಭಾಗಗಳ ಅಂಗಡಿಗಳು ಒತ್ತೊತ್ತಾಗಿ ನಿಂತಿರುವ ಓಣಿಯ ಹಿಂದುಗಡೆ, ವಿಜಾಪುರದ ಸೀಮೆಯಿಂದ ಬಂದು ನೆಲೆಸಿದ ಹಿರಿಯ ಬಣ್ಣಗಾರರೊಬ್ಬರ ಮುಂದೆ ನಾನು ಹೊಸದಾಗಿ ಕೊಂಡ ಹಳೆಯ ಕಾರನ್ನು ನಿಲ್ಲಿಸಿದಾಗ, ಬಾನೆಟ್ಟಿನ ಅಂಚಿನಲ್ಲಿ ಕಾಸಿನಗಲ ಎದ್ದಿದ್ದ ಹಕ್ಕಳೆಯ ಅಡಿಗೆ ಅವರು ಉಗುರನ್ನು ಮೆಲ್ಲನೆ ತೂರಿಸಿ, “ಸಾಹೇಬ್ರ, ಇದು ಮ್ಯಾಲಿಂದ ಹೋಗಿಲ್ರಿ, ತಳದಾಗಿಂದ ಎದ್ದೈತಿ” ಎಂದರು.

ಕಾರಿನ ಬಣ್ಣವೆಂದು ನಾವು ಏಕವಚನದಲ್ಲಿ ಕರೆಯುವುದು ವಸ್ತುತಃ ಅನೇಕ ಪದರಗಳ ಸಮುದಾಯ. 1998ರಲ್ಲಿ ಇಂಡಿಕಾ ಕಾರು ಜನ್ಮತಾಳಿದ, ಇಲ್ಲಿಯೇ ಮಗ್ಗುಲಿನ ಪಿಂಪ್ರಿಯಂತಹ ಕಾರ್ಖಾನೆಗಳಲ್ಲಿ, ಉಕ್ಕಿನ ಒಡಲಿಗೆ ಮೊದಲು ಫಾಸ್ಫೇಟಿನ ಸಂಸ್ಕಾರವಿತ್ತು, ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ಬಲದಿಂದ ಅದನ್ನು ಸಂದುಗೊಂದಿಗೂ ಅಂಟಿಸಿ, ಕಾಯಿಸಿ, ತರುವಾಯ ಮತ್ತೊಂದು ಪ್ರೈಮರು, ವರ್ಣ, ಕಟ್ಟಕಡೆಗೆ ಪಾರದರ್ಶಕವಾದ ಕ್ಲಿಯರ್ ಕೋಟು ಎಂದು ಹೊದಿಸುವರು. ಇಷ್ಟೆಲ್ಲ ಸೇರಿದರೂ ದಪ್ಪ 100ರಿಂದ 150 ಮೈಕ್ರಾನಿನ ಆಸುಪಾಸು. ಎರಡು ತಲೆಗೂದಲುಗಳನ್ನು ಒಂದರ ಮೇಲೊಂದಿಟ್ಟಷ್ಟೆ!

ಖಂಡಾಳದ ಘಾಟಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಈ ಕವಚವನ್ನು ಒಂದೆಡೆ ಒಡೆದರೆ ಸಾಕು, ಜೂನಿನಲ್ಲಿ ಮಳೆ ಹಿಡಿಯುತ್ತಲೆ ತೇವವು ಅಲ್ಲಿಂದ ಒಳಸೇರಿ ಕಬ್ಬಿಣವನ್ನು ತುಕ್ಕಾಗಿಸುವುದು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಬೇಕಾದುದರಿಂದ ಅದು ಉಬ್ಬಿ, ನೆರೆಯ ಒಳ್ಳೆಯ ಬಣ್ಣವನ್ನೂ ಕೆಳಗಿನಿಂದ ಎಬ್ಬಿಸುತ್ತ ಸಾಗುವುದು. ಆದರೆ ನನ್ನ ಕಾರಿಗೆ ಒದಗಿದ ಕೇಡು ಬೇರೆ: ಮಾರುವ ಮುನ್ನ ಯಾರೋ ಜಿಡ್ಡನ್ನು ತೆಗೆಯದೆ, ಹಳೆಯ ಮೈಯನ್ನು ಉಜ್ಜಿ ಒರಟುಮಾಡದೆ, ಮೇಲೆ ಹೊಸ ಬಣ್ಣ ಹೊಡೆಸಿದ್ದರು. ಬಣ್ಣಕ್ಕೆ ಹಿಡಿತವೇ ದೊರೆತಿರಲಿಲ್ಲ. ಹಳೆಯ ಕಾರು ಕೊಳ್ಳುವವರು ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡಿರುವುದು ಲೇಸು. ಪುಟ್ಟಿ ದಪ್ಪವಾಗಿ ಮೆತ್ತಿರುವ ಉಕ್ಕಿನ ಮೇಲೆ ಅದು ಅಂಟಲೊಲ್ಲದು.

ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಡ್ಯೂಕೋ’ ಎಂಬ ಮಾತು, 1923ರಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಕಾರುಗಳಿಗೆ ಬಳಿದ, ಬೇಗನೆ ಆರುವ ಬಣ್ಣದ ಹೆಸರು. ಅದುವರೆಗೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಅದರಿಂದ ಬಹಳ ಹಗುರವಾಯಿತು; ಆದರೆ ಆರುವುದು ಬೇಗನಾದರೂ ತಳವನ್ನು ಸಿದ್ಧಗೊಳಿಸುವ ಶ್ರಮ ಮಾತ್ರ ಎಳ್ಳಷ್ಟೂ ತಗ್ಗಿಲ್ಲ.

ಆ ಹಿರಿಯರು ಮಾಡಿದುದೆಲ್ಲ ಈ ಶ್ರಮವೆ. ಸಡಿಲವಾದ ಬಣ್ಣವನ್ನು, ಇನ್ನು ಏಳದು ಎಂಬ ಗಟ್ಟಿ ಅಂಚು ಸಿಕ್ಕುವವರೆಗೂ ಕೆರೆದು ತೆಗೆದರು. ಕಾಸಿನಗಲದ ಗಾಯ ಅಂಗೈಯಗಲವಾದುದನ್ನು ಕಂಡು ನನ್ನೆದೆ ಕುಗ್ಗಿತು. ತುಕ್ಕನ್ನು ಉಕ್ಕು ಹೊಳೆಯುವವರೆಗೆ ಉಜ್ಜಿ, 400ರ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ, ಅಂಚಿನ ಮೆಟ್ಟಿಲು ಬೆರಳಿಗೆ ತಿಳಿಯದಂತೆ ಇಳಿಜಾರುಗೊಳಿಸಿದರು. ಆಗಾಗ ಕಣ್ಣು ಮುಚ್ಚಿ, ತೆಳುಬಟ್ಟೆಯ ಮೇಲಿಂದ ಅಂಗೈಯಾಡಿಸಿ, ಕಣ್ಣಿಗೆ ಕಾಣದ ತಗ್ಗನ್ನು ಕೈಯಿಂದ ಕಂಡುಕೊಳ್ಳುತ್ತಿದ್ದರು. ಕಲ್ಲು ಬಡಿದ ಸಾಸಿವೆಗಾತ್ರದ ಚುಕ್ಕೆಗಳಿಗಾದರೆ ಇಷ್ಟು ಬೇಡ. ಒರೆಸಿ, ತುಕ್ಕು ತೆಗೆದು, ಪ್ರೈಮರಿಟ್ಟು, ಸಣ್ಣ ಕುಂಚದಿಂದ ಬಣ್ಣವನ್ನು ತೆಳುವಾಗಿ, ಪ್ರತಿಸಲವೂ ಆರಗೊಟ್ಟು, ಎರಡು ಮೂರು ಬಾರಿ ಮುಟ್ಟಿಸಿದರೆ ತೀರಿತು.

ಪ್ರೈಮರು ಆರಿದ ದಿನ ನಾನು ಆತುರದಿಂದ ಹೋದೆ. ಹೊರಗೆ ತುಂತುರು, ಹಸಿಗಾಳಿಯಲ್ಲಿ ಹೊಡೆದ ಬಣ್ಣಕ್ಕೆ ಹಾಲು ಕದಡಿದಂಥ ಮಬ್ಬು ಕವಿಯುತ್ತದೆಯಂತೆ. ಅವರು ಕಾರನ್ನು ತಗಡಿನ ಮಾಡಿನ ಕೆಳಗೆ ತಳ್ಳಿಸಿ, ಕೈಯೊರೆಸಿಕೊಳ್ಳುತ್ತ, “ಬಿಸಿಲು ಬಿದ್ದ ದಿನ ಬರ್ರಿ” ಎಂದರು.