ಅವ್ವನ ಮಾತನ್ನು ನಾನು ತಪ್ಪು ಅನುವಾದಿಸಿದ ರಾತ್ರಿ

ಟ್ರಯಾಜ್ ಅನ್ನೋ ಪದ ನಮ್ಮ ಐಟಿಯವರಿಗೆ ಹೊಸದಲ್ಲ. ಯಾವ ಬಗ್ ಪಿ-ಒನ್, ಯಾವುದು ಮುಂದಿನ ಸ್ಪ್ರಿಂಟಿಗೆ ಅಂತ ವಾರಾ ವಾರಾ ಜಗಳ ಆಡ್ತೀವಿ. ಪದ ಫ್ರೆಂಚಿನದು, ವಿಂಗಡಿಸೋದು ಅಂತ ಅರ್ಥ. ಅದರ ಅಸಲಿ ಕೆಲಸ ನಾನು ನೋಡಿದ್ದು ಅಂಬರನಾಥದಲ್ಲಿ, ಒಂದು ರಾತ್ರಿ ಹನ್ನೊಂದೂವರೆಗೆ, ಆಸ್ಪತ್ರೆಯೊಂದರ ಎಮರ್ಜೆನ್ಸಿ ಬಾಗಿಲಲ್ಲಿ.

ಊರಿಂದ ಬಂದಿದ್ದ ಅವ್ವ, "ಎದಿ ಮ್ಯಾಲ ಕಲ್ಲ ಇಟ್ಟಂಗ ಆಗೇತಿ" ಅಂದಳು. ಸಂಜೆ ಮಿರ್ಚಿ ತಿಂದಿದ್ದಳು. ನಾನು ಸಿಸ್ಟರಿಗೆ ನನ್ನ ಹರಕು ಮರಾಠಿಯಲ್ಲಿ ಹೇಳಿದ್ದು ಒಂದೇ ಪದ: ಆಸಿಡಿಟಿ.

ಆ ಸಿಸ್ಟರ್ ನನ್ನ ಮಾತು ಕೇಳಿದರು, ಆದರೆ ನೋಡಿದ್ದು ಅವ್ವನನ್ನು. ಕೈ ಹಿಡಿದರು. ಕೈ ತಣ್ಣಗೆ, ಹಣೆಯಲ್ಲಿ ಬೆವರು. "ಶುಗರ್ ಇದೆಯಾ?" ಇದೆ, ಹನ್ನೆರಡು ವರ್ಷದಿಂದ. ಅಷ್ಟೇ. ನಮಗಿಂತ ಮುಂಚೆ ಬಂದು ಕೂಗಾಡುತ್ತಿದ್ದವರನ್ನು ಕೂರಿಸಿ, ಅವ್ವನನ್ನು ನೇರ ಒಳಗೆ ಕರೆದೊಯ್ದರು. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನೋದು ನಿಯಮ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಸಿನಿಮಾದಲ್ಲಿ ತೋರಿಸೋ ಹಾಗೆ ಬರೋದಿಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು. ಅವರಿಗೆ ಮೊದಲೇ ಗೊತ್ತಿತ್ತು.

ಆಮೇಲೆ ಕೂತು ಓದಿದೆ. ಅಮೆರಿಕದ ಇಎಸ್ಐ ಪದ್ಧತಿಯಲ್ಲಿ ಐದು ಮಟ್ಟ. ದೆಹಲಿಯ ಏಮ್ಸ್ ಪದ್ಧತಿಯಲ್ಲಿ ಕೆಂಪು, ಹಳದಿ, ಹಸಿರು, ಮೂರೇ ಬಣ್ಣ. ಮೊದಲ ಪ್ರಶ್ನೆ ಮಾತ್ರ ಒಂದೇ: ಈಗಲೇ ಕೈ ಹಾಕದಿದ್ದರೆ ಜೀವ ಹೋಗುತ್ತಾ? ತಪ್ಪು ಎರಡು ಥರ. ಕಮ್ಮಿ ಅಂದಾಜು ಮಾಡಿದರೆ ರೋಗಿ ಬೆಂಚಿನ ಮೇಲೇ ಹೋಗಿಬಿಡಬಹುದು. ಎಲ್ಲರಿಗೂ ಕೆಂಪು ಕೊಟ್ಟರೆ ನಿಜವಾದ ಕೆಂಪಿಗೆ ಹಾಸಿಗೆ ಇರೋದಿಲ್ಲ. ಎಲ್ಲ ಟಿಕೆಟ್ಟಿಗೂ ಕ್ರಿಟಿಕಲ್ ಅಂತ ಹಾಕೋ ಕ್ಲೈಂಟ್ ನೆನಪಾದರಾ?

ಈ ಅಂದಾಜು ಪುಸ್ತಕದಿಂದಷ್ಟೇ ಬರೋದಲ್ಲ. ಅನುಭವ, ತರಬೇತಿ, ಎಷ್ಟನೇ ನೈಟ್ ಡ್ಯೂಟಿ, ಸಂಬಂಧಿಕರ ಗದ್ದಲ, ನಡುನಡುವೆ ಫೋನು, ಎಲ್ಲವೂ ಅದನ್ನು ಅಲುಗಾಡಿಸುತ್ತವೆ. 2014ರ ನವೆಂಬರ್ ಕೊನೆಯಲ್ಲಿ, ನಮ್ಮ ಶಿವಮಂದಿರದ ಪಕ್ಕ ಹರಿಯೋ ಇದೇ ವಾಲಧುನಿ ನದಿಗೆ ಯಾರೋ ರಾಸಾಯನಿಕ ಸುರಿದು, ಉಲ್ಲಾಸನಗರದಲ್ಲಿ ನೂರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಓಡಿದರು. ಅಂಥಾ ಹೊತ್ತಲ್ಲಿ ಬಾಗಿಲಲ್ಲಿ ನಿಂತ ನರ್ಸಿಗೆ ಒಬ್ಬೊಬ್ಬರಿಗೆ ಸಿಗೋದು ನಿಮಿಷವೂ ಅಲ್ಲ. ಜೋರಾಗಿ ಕೂಗೋನಿಗೆ ಉಸಿರಾದರೂ ಇದೆ. ಸುಮ್ಮನಿರೋನನ್ನೇ ಮೊದಲು ನೋಡಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಭಾಷೆ. ಅವ್ವ ಸರಿಯಾಗೇ ಹೇಳಿದ್ದಳು. ನಡುವೆ ನಿಂತ ನಾನು ಅರ್ಥ ಹೇಳೋಕೆ ಹೋಗಿ ಲಕ್ಷಣ ನುಂಗಿದೆ. ಈಗ ಮನೆ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದೀನಿ, ಮರಾಠಿಯಲ್ಲಿ: ವಯಸ್ಸು, ಶುಗರ್, ಮಾತ್ರೆಗಳ ಹೆಸರು. ಕೆಳಗೆ, "ಎದೆ ಮೇಲೆ ಕಲ್ಲು ಇಟ್ಟ ಹಾಗೆ" ಅನ್ನೋದೂ ಇದೆ, ಹೇಳಿದ್ದು ಹೇಳಿದ ಹಾಗೇ. ಪಕ್ಕದ ಮನೆ ಕಾಕೂ ಕೈಯಲ್ಲಿ ತಿದ್ದಿಸಿದ್ದು.

ಸ್ಟೆಂಟ್ ಹಾಕಿಸಿಕೊಂಡು ಬಂದ ಅವ್ವ ಅದನ್ನು ನೋಡಿ, "ಮಿರ್ಚಿ ಬಗ್ಗೆ ಏನೂ ಬರ್ದಿಲ್ಲ ಹೌದಿಲ್ಲ?" ಅಂತ ಕೇಳಿದಳು.