ಸವತಿಗಂಧವಾರಣೆ ಯಾಕೆ ಹಾರಬೇಕು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗೆಳೆಯರೇ,

ಐತಿಹಾಸಿಕ ಪ್ರೇಮಕಾದಂಬರಿ ಎಂದೊಡನೆ ಕಣ್ಣೀರಿಡುವ ರಾಣಿಯನ್ನೇ ಹುಡುಕುತ್ತೀರಲ್ಲ, ನಿಮ್ಮ ಜಿಲ್ಲೆಯ ಶಾಂತಲೆಯನ್ನು ಒಮ್ಮೆ ಸರಿಯಾಗಿ ನೋಡಿ. ಬೇಲೂರಿನ ಗೈಡುಗಳ ಮಾತು ಬಿಡಿ. ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿ ಶ್ರವಣಬೆಳಗೊಳಕ್ಕೆ ಹೋಗಿ, ಚಿಕ್ಕಬೆಟ್ಟ ಏರಿ. 1123ರಲ್ಲಿ ಆಕೆ ಅಲ್ಲಿ ಕಟ್ಟಿಸಿದ ಬಸದಿಗೆ ಆಕೆಯ ಬಿರುದೇ ಹೆಸರು: ಸವತಿಗಂಧವಾರಣ. ಸವತಿಯರ ಪಾಲಿಗೆ ಮದ್ದಾನೆ! ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ವಿಷ್ಣುವರ್ಧನ ವೈಷ್ಣವನಾದನೆಂದು ಪ್ರತೀತಿ. ಈಕೆ ಕೊನೆತನಕ ಜಿನಭಕ್ತೆ. ಇಂಥ ನಾಯಕಿಯನ್ನು ಬಿಟ್ಟು ಪರಭಾಷೆಯ ರಾಣಿಯರ ಹಿಂದೆ ಯಾಕೆ ಓಡುತ್ತೀರಿ?

ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದು ಆಕೆಯನ್ನು ಮನೆಮನೆಗೆ ತಂದರು. ಮೈ ಕಟ್ಟಿದ ಕೈಯೇ ಕಾದಂಬರಿಯನ್ನೂ ಕಟ್ಟಿತು ನೋಡಿ! ಆದರೆ ಮಕ್ಕಳಿಲ್ಲದ ಕೊರಗಿಗೆ ಶಿವಗಂಗೆಯ ಬಂಡೆಯಿಂದ ಹಾರಿದಳೆಂಬ ಕಥೆಯೇ ಜನರ ಬಾಯಲ್ಲಿ ನಿಂತಿದೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳೆಂದು ಅದೇ ಬಸದಿಯ ಶಾಸನ ಹೇಳುತ್ತದೆ. ಹಾರಿದ ಮಾತು ಅದರಲ್ಲಿಲ್ಲ. ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು. ಎರಡನ್ನೂ ಓದಿ. ಯಾವ ಶಾಂತಲೆ ಆ ಬಿರುದಿಗೆ ಒಪ್ಪುತ್ತಾಳೆ ಎಂದು ಕಾಲೇಜಿನ ಕಟ್ಟೆಯ ಮೇಲೆ ಕೂತು ಜಗಳವಾಡಿ, ಕನ್ನಡದಲ್ಲೇ!